ಒಂದು ಹೆಜ್ಜೆ ಒಳಗೆ

ಹೈಸ್ಕೂಲಿನ ಕಂಪ್ಯೂಟರ್ ರೂಮು ಮೇಲಿನ ಮಹಡಿಯ ಕೊನೆಯಲ್ಲಿತ್ತು. ಒಂದೊಂದು ಮಶೀನಿಗೆ ಮೂವರು ಮಕ್ಕಳು. ಒಬ್ಬರ ಕೈಗೆ ಮೌಸು, ಇನ್ನೊಬ್ಬರ ಕೈಗೆ ಕೀಬೋರ್ಡು, ಮೂರನೆಯವರಿಗೆ ನೋಡುವ ಕೆಲಸ. ಸರದಿ ಬದಲಾಯಿಸಿಕೊಳ್ಳಿ ಎಂದು ಟೀಚರ್ ಎಷ್ಟು ಹೇಳಿದರೂ ಮೌಸು ಹಿಡಿದ ಕೈ ಮೌಸು ಬಿಡುತ್ತಿರಲಿಲ್ಲ. ಕಿಟಕಿ ಪಕ್ಕದ ಮಶೀನಿನ ಹಿಂದೆ ನಿಲ್ಲುವ ಮೂರನೆಯವಳು ಯಾವಾಗಲೂ ಅದೇ ಹುಡುಗಿ. ತೆಳ್ಳಗಿನ ಮೈ, ಬಿಗಿಯಾಗಿ ಹೆಣೆದ ಎರಡು ಜಡೆ. ಅವಳು ಸುಮ್ಮನೆ ನೋಡುತ್ತಿರಲಿಲ್ಲ. ಪರದೆಯ ಮೇಲೆ ಮೂಡಿದ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದುತ್ತಿದ್ದಳು. ಎಲ್ಲಿ ಚುಕ್ಕಿ, ಎಲ್ಲಿ ಕಂಸ, ಎಲ್ಲಿ ಜಾಗ ಬಿಟ್ಟಿದೆ, ಎಲ್ಲವನ್ನೂ. ಕ್ಲಾಸಿನವರು ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದರು.

ಟೀಚರಿಗೂ ಒಮ್ಮೊಮ್ಮೆ ರೇಗುತ್ತಿತ್ತು. "ಮನಸ್ಸಿನಲ್ಲೇ ಓದಮ್ಮ ಗಿಣಿ" ಎನ್ನುತ್ತಿದ್ದರು. ಆದರೆ ಒಂದು ಸಲ ಆ ಮಶೀನಿನಲ್ಲಿ ಬರೆದ ಪ್ರೋಗ್ರಾಂ ಎಷ್ಟು ಹೊತ್ತಾದರೂ ಓಡಲಿಲ್ಲ. ಕೀಬೋರ್ಡಿನ ಹುಡುಗ ತಲೆ ಕೆರೆದುಕೊಂಡ. ಟೀಚರ್ ಬಂದು ಬಗ್ಗಿ ನೋಡಿದರು, ಅವರ ಕಣ್ಣಿಗೂ ತಕ್ಷಣ ಬೀಳಲಿಲ್ಲ. ಹಿಂದಿನಿಂದ ಗಿಣಿ ಮೆಲ್ಲಗೆ, "ನಾಲ್ಕನೇ ಸಾಲಿನ ಕೊನೇಲಿ ನಂಗೆ ಎರಡು ಚುಕ್ಕಿ ಓದೋಕೆ ಸಿಗಲಿಲ್ಲ ಟೀಚರ್" ಅಂದಳು. ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟರು, ಪ್ರೋಗ್ರಾಂ ಓಡಿತು. ಆಮೇಲೆ ಟೀಚರ್ ಅವಳ ಬಾಯಿ ಮುಚ್ಚಿಸಲಿಲ್ಲ. ಮುಂದಿನ ವರ್ಷ ಇವಳಿಗೆ ಒಂದು ಇಡೀ ಮಶೀನು ಕೊಡಿಸಬೇಕು ಅಂದುಕೊಂಡರು.

ಮುಂದಿನ ವರ್ಷ ಶುರುವಾಗುವ ಮೊದಲೇ ರೋಗ ಬಂತು, ಶಾಲೆಗೆ ಬೀಗ ಬಿತ್ತು.

ಉಳಿದ ಪಾಠಗಳು ಹೇಗೋ ಕುಂಟುತ್ತಾ ಸಾಗಿದವು. ಚರಿತ್ರೆಯ ಮೇಷ್ಟ್ರು ಪುಸ್ತಕ ಹಿಡಿದು ಓದಿದರು, ಗಣಿತದವರು ಮನೆ ಗೋಡೆಗೆ ಬೋರ್ಡು ತೂಗುಹಾಕಿದರು. ಕಂಪ್ಯೂಟರ್ ಟೀಚರ್ ಮಾತ್ರ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕಾಯಿತು. ಮಕ್ಕಳ ಕೈಯಲ್ಲಿದ್ದದ್ದು ಅಪ್ಪನದೋ ಅಣ್ಣನದೋ ಫೋನು. ಅದರಲ್ಲಿ ಟೀಚರ ಮುಖ ಕಾಣುತ್ತಿತ್ತು, ಅವರು ತೋರಿಸಿದ್ದು ಕಾಣುತ್ತಿತ್ತು, ತಾವೇ ಮಾಡಿ ನೋಡುವುದಕ್ಕೆ ಆಗುತ್ತಿರಲಿಲ್ಲ. ಮೊದಮೊದಲು ಪರದೆ ತುಂಬ ಮುಖಗಳಿದ್ದವು. ಆಮೇಲೆ ಮುಖಗಳು ಹೋಗಿ ಕಪ್ಪು ಚೌಕಗಳು ಉಳಿದವು, ಅದರಲ್ಲಿ ಹೆಸರು ಮಾತ್ರ. ಕೊನೆಗೆ ಚೌಕಗಳೂ ಕಡಿಮೆಯಾದವು.

ಟೀಚರ ಮನೆಯಲ್ಲಿ ಅವರು ಮತ್ತು ಅತ್ತೆ, ಇಬ್ಬರೇ. ಗಂಡ ಕೆಲಸದ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಸೆಯ ಪಾಠ ಕೇಳುತ್ತಿದ್ದ ಅತ್ತೆ ಒಂದು ದಿನ ತಡೆಯಲಾರದೆ ಕೇಳಿದರು.

"ಅಲ್ಲ ಕಣೇ, ಬೆಳಗ್ಗೆಯಿಂದ 'ಕೇಳಿಸ್ತಿದೆಯಾ, ಕೇಳಿಸ್ತಿದೆಯಾ' ಅಂತಿದ್ದೀಯ. ಯಾರೂ ಇಲ್ಲದ ಮನೆ ಬಾಗಿಲು ಬಡಿದ ಹಾಗಿದೆ. ಆ ಕಡೆ ಯಾರಾದ್ರೂ ಇದ್ದಾರಾ?"

"ಇದ್ದಾರೆ ಅತ್ತೆ."

"ಇದ್ರೆ ಒಂದು ಸಲ 'ಹೂಂ' ಅನ್ನೋಕೇನು ಕಷ್ಟ?"

ಹೂಂ ಅನ್ನುವ ಹುಡುಗಿ ಆ ಚೌಕಗಳಲ್ಲಿ ಇರಲೇ ಇಲ್ಲ. ಗಿಣಿಯ ಹೆಸರು ಮೊದಲ ದಿನದಿಂದಲೂ ಕಾಣಿಸಿರಲಿಲ್ಲ. ಟೀಚರ್ ಶಾಲೆಯ ಆಫೀಸಿನಿಂದ ನಂಬರು ತೆಗೆಸಿ ಫೋನು ಮಾಡಿದರು. ಎತ್ತಿದ್ದು ಗಿಣಿಯ ಅಮ್ಮ. ಹಿಂದೆ ದೊಡ್ಡ ಮಶೀನುಗಳು ಗುಡುಗುಟ್ಟುವ ಸದ್ದು. ಆಕೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ವಾರ್ಡುಗಳಿಂದ ಬಂದ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರುಗಳ ಕೋಟು, ಎಲ್ಲವನ್ನೂ ಬಿಸಿನೀರಿನ ಮಶೀನಿಗೆ ತುಂಬಿ ತೆಗೆಯುವುದು ಅವರ ಕೆಲಸ.

"ನಮ್ಮ ಹತ್ರ ಇರೋದು ಗುಂಡಿ ಫೋನು ಟೀಚರ್" ಅಂದರು ಗಟ್ಟಿಯಾಗಿ, ಮಶೀನಿನ ಸದ್ದು ಮೀರಿಸಿ. "ಮಾತಾಡೋಕೆ ಮಾತ್ರ ಬರುತ್ತೆ. ಅದೂ ಹಗಲೆಲ್ಲಾ ನನ್ನ ಜೊತೆ ಇಲ್ಲಿರುತ್ತೆ. ಮಗಳು ದಿನಾ ಕೇಳ್ತಾಳೆ, ಕಂಪ್ಯೂಟರ್ ಪಾಠ ಎಲ್ಲಿವರೆಗೆ ಬಂತೋ ಅಂತ. ನಾನೇನು ಹೇಳಲಿ?"

"ಸಂಜೆ ಎಷ್ಟೊತ್ತಿಗೆ ಮನೆಗೆ ಬರ್ತೀರಿ ಅಕ್ಕಾ?"

"ಏಳಾಗುತ್ತೆ. ಬಂದು, ಸ್ನಾನ ಮಾಡಿ ಮಕ್ಕಳ ಹತ್ರ ಹೋಗೋವಷ್ಟರಲ್ಲಿ ಏಳೂವರೆ."

"ಏಳೂವರೆಗೆ ಫೋನು ಅವಳ ಕೈಗೆ ಕೊಡಿ."

ಆ ಸಂಜೆ ಗಿಣಿ ಮೊದಲು ಕೇಳಿದ್ದು, "ಟೀಚರ್, ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಂ ಬರೀಬಹುದಾ?"

"ಬರೀಬಹುದು. ನೀನು ಹಾಳೆ ಮೇಲೆ ಬರಿ. ನಂಗೆ ಓದಿ ಹೇಳು. ನಾನು ಇಲ್ಲಿ ಟೈಪ್ ಮಾಡಿ ಓಡಿಸ್ತೀನಿ. ಏನು ಬಂತು ಅಂತ ಹೇಳ್ತೀನಿ."

"ನಾನು ಹೇಳಿದ್ದನ್ನ ಹಾಗೇ ಟೈಪ್ ಮಾಡ್ಬೇಕು. ತಪ್ಪಿದ್ರೂ."

"ತಪ್ಪಿದ್ರೂ."

ಹೀಗೆ ಶುರುವಾಯಿತು. ಬಾಯಿಬಿಟ್ಟು ಓದುವ ಅಭ್ಯಾಸ ಇದ್ದದ್ದು ಆಗ ಕೈಹಿಡಿಯಿತು. ಒಂದೇ ಒಂದು ಚುಕ್ಕಿ ಬಿಡದೆ ಹೇಳುತ್ತಿದ್ದಳು. "ವೈಲ್ ಟ್ರೂ, ಎರಡು ಚುಕ್ಕಿ. ಕೆಳಗಿನ ಸಾಲು, ಒಂದು ಹೆಜ್ಜೆ ಒಳಗೆ." ಸಾಲನ್ನು ಎಡದಿಂದ ಸ್ವಲ್ಪ ಸರಿಸಿ ಬರೆಯುವುದಕ್ಕೆ ಅವಳು ಇಟ್ಟ ಹೆಸರು ಅದು, ಒಂದು ಹೆಜ್ಜೆ ಒಳಗೆ. ಇನ್ನೂ ಸರಿಸಬೇಕಾದರೆ ಎರಡು ಹೆಜ್ಜೆ. ಟೀಚರ ಬೆರಳು ಅವಳ ದನಿಯ ಹಿಂದೆ ಓಡುತ್ತಿತ್ತು. ಪ್ರೋಗ್ರಾಂ ಮುರಿದು ಬಿದ್ದರೆ ಪರದೆಯ ಮೇಲೆ ಬಂದ ಬೈಗುಳವನ್ನು ಟೀಚರ್ ಹಾಗೇ ಓದಿ ಹೇಳುತ್ತಿದ್ದರು. ಆ ಕಡೆ ಪೆನ್ಸಿಲು ಕಚ್ಚುವ ಸದ್ದು. ಆಮೇಲೆ, "ಗೊತ್ತಾಯ್ತು ಟೀಚರ್. ನೀವು ಹೇಳ್ಬೇಡಿ."

ಇಷ್ಟೂ ದಿನ ಕಪ್ಪು ಚೌಕಗಳಿಗೆ ಮಾತಾಡಿ ಸೋತಿದ್ದ ಟೀಚರಿಗೆ ಆ "ನೀವು ಹೇಳ್ಬೇಡಿ" ಎಂಬ ಮಾತು ಕೇಳಿದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಸಂಜೆಯಾದರೆ ಅವರ ಕಣ್ಣು ಗಡಿಯಾರದ ಕಡೆಗೇ.

ಗಿಣಿಗೆ ಪುಟ್ಟ ತಂಗಿ ಇದ್ದಳು. ಶಾಲೆಯ ಮುಖವನ್ನೇ ನೋಡದೆ ಒಂದನೇ ಕ್ಲಾಸಿಗೆ ಸೇರಿದ್ದ ಕೂಸು. ಮನೆಯಲ್ಲಿ ಕೂತು ಬೇಸತ್ತು ಅಕ್ಕನ ಪಾಠದ ಹೊತ್ತಿಗೇ ರಂಪ ಮಾಡುತ್ತಿದ್ದಳು. ಅವಳ ಬಾಯಿ ಮುಚ್ಚಿಸಲೆಂದೇ ಗಿಣಿ ಒಂದು ಆಟ ಬರೆದಳು. ಕಂಪ್ಯೂಟರ್ ಒಂದರಿಂದ ನೂರರ ಒಳಗೆ ಯಾವುದೋ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಆಡುವವರು ಊಹಿಸಬೇಕು. ಊಹೆ ತಪ್ಪಾದರೆ, ತನ್ನ ಸಂಖ್ಯೆ ಅದಕ್ಕಿಂತ ದೊಡ್ಡದು ಅಥವಾ ಚಿಕ್ಕದು ಎಂದು ಕಂಪ್ಯೂಟರ್ ಹೇಳಬೇಕು. ತಂಗಿ ಫೋನಿನಲ್ಲಿ ಸಂಖ್ಯೆ ಕೂಗುವುದು, ಟೀಚರ್ ಅದನ್ನು ಒತ್ತುವುದು, ಪರದೆ ಹೇಳಿದ್ದನ್ನು ತಿರುಗಿ ಹೇಳುವುದು.

"ಏಳು."

"ದೊಡ್ಡದು."

"ಎಂಟು."

"ದೊಡ್ಡದು."

"ಒಂಬತ್ತು."

"ಹೀಗಾದ್ರೆ ಬೆಳಗಾಗುತ್ತೆ" ಎಂದು ಅಡುಗೆಮನೆಯಿಂದ ಅತ್ತೆ. "ಐವತ್ತು ಅನ್ನೋಕೆ ಹೇಳು ಆ ಮಗೂಗೆ."

ಕೊನೆಗೂ ತಂಗಿ ಸರಿಯಾದ ಸಂಖ್ಯೆ ಹೇಳಿದಳು. ಪರದೆಯ ಮೇಲೆ "ಸರಿ" ಎಂದು ಬಂತು. ಬಂದಮೇಲೆ ಪ್ರೋಗ್ರಾಂ ನಿಲ್ಲಲಿಲ್ಲ, ಮತ್ತೆ ಸಂಖ್ಯೆ ಕೇಳಿತು. ಟೀಚರ್ ಅದನ್ನೂ ಹಾಗೇ ಹೇಳಿದರು. ಆ ಕಡೆ ಮೂವರೂ ನಕ್ಕದ್ದು ಕೇಳಿಸಿತು.

"ಗೆದ್ದ ಮೇಲೂ ಬಿಡಲ್ವಲ್ಲ ಇದು" ಅಂದರು ಅಮ್ಮ. "ನಮ್ಮ ಸೂಪರ್‌ವೈಸರ್ ಹಾಗೇ. ಕೆಲಸ ಮುಗೀತು ಅಂದ್ರೆ ಇನ್ನೊಂದು ಮೂಟೆ ತಂದಿಡ್ತಾನೆ."

"ನಿಲ್ಸೋದು ಬರೆಯೋಕೆ ಮರೆತಿದ್ದೀನಿ" ಎಂದು ಗಿಣಿ ನಾಚಿದಳು. ಮಾರನೆಯ ಸಂಜೆ ಫೋನು ಎತ್ತಿದ ಕೂಡಲೇ ಒಂದೇ ಉಸಿರಿಗೆ ಹೇಳಿದಳು: "ಸರಿ ಅಂತ ಬರೋ ಸಾಲಿನ ಕೆಳಗೆ, ಎರಡು ಹೆಜ್ಜೆ ಒಳಗೆ, ಬ್ರೇಕ್." ಅಷ್ಟೇ. ಆಟ ನಿಲ್ಲುವುದನ್ನು ಕಲಿಯಿತು. ಅಮ್ಮ, ಇಬ್ಬರು ಮಕ್ಕಳು, ಟೀಚರ್, ದೂರದಿಂದ ಅತ್ತೆ, ಆ ಆಟವನ್ನು ಎಷ್ಟೋ ಸಂಜೆ ಆಡಿದರು. ಮಧ್ಯದ ಸಂಖ್ಯೆಯಿಂದ ಶುರುಮಾಡಿ ಪ್ರತಿ ಸಲವೂ ಅರ್ಧ ಅರ್ಧ ಮಾಡಿಕೊಂಡು ಹೋದರೆ ಬೇಗ ಸಿಗುತ್ತದೆ ಎಂದು ಗಿಣಿ ಎಲ್ಲರಿಗೂ ಕಲಿಸಿಕೊಟ್ಟಳು. ತಂಗಿಗೆ ಅದು ತಲೆಗೆ ಹತ್ತಲಿಲ್ಲ. ಅವಳು ಏಳರಿಂದಲೇ ಶುರು ಮಾಡುತ್ತಿದ್ದಳು, ಅದು ಅವಳ ಇಷ್ಟದ ಸಂಖ್ಯೆ.

ಈ ನಡುವೆ ಶಾಲೆಯೊಳಗೆ ಬೇರೆಯೇ ಒಂದು ನಡೆದಿತ್ತು. ರೋಗಿಗಳನ್ನು ಇರಿಸಲು ಕೋಣೆ ಸಾಲದೆ ಶಾಲೆಯ ಕಟ್ಟಡವನ್ನೂ ತೆಗೆದುಕೊಂಡರು. ಬೆಂಚುಗಳ ಜೊತೆ ಕಂಪ್ಯೂಟರ್ ರೂಮಿನ ಮಶೀನುಗಳನ್ನೂ ಹೊರಗೆ ಸಾಗಿಸಿ ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಪೇರಿಸಿದರು. ಟೀಚರಿಗೆ ಸುದ್ದಿ ತಿಳಿದದ್ದು ಕಾವಲಿನವನಿಂದ. ಟಾರ್ಪಾಲು ಹೊದಿಸು ಎಂದು ಅವನಿಗೆ ಫೋನಿನಲ್ಲೇ ಬೇಡಿಕೊಂಡರು. ಹೊದಿಸಿದ್ದೀನಿ ಅಂದ. ಜನ ಉಸಿರಿಗೆ ಒದ್ದಾಡುತ್ತಿರುವಾಗ ಮಶೀನಿನ ಚಿಂತೆ ಮಾಡುವುದು ಅವರಿಗೇ ಸಂಕೋಚ ಅನ್ನಿಸಿ, ಹೆಚ್ಚು ಕೇಳಲಿಲ್ಲ.

ರೋಗ ಎರಡನೆಯ ಸಲ ಜೋರಾದ ದಿನಗಳಲ್ಲಿ ಒಂದು ಸಂಜೆ ಟೀಚರ್ ಎಂದಿನಂತೆ ಏಳೂವರೆಗೆ ಫೋನು ಮಾಡಿದರು. ತುಂಬ ಹೊತ್ತು ರಿಂಗಾಯಿತು. ಎತ್ತಿದವರ ದನಿ ಯಾರದೆಂದು ಮೊದಲು ತಿಳಿಯಲಿಲ್ಲ.

"ಟೀಚರ್... ನಾನು. ಅವಳ ಅಮ್ಮ."

"ಅಕ್ಕಾ, ದನಿ ಯಾಕೆ ಹೀಗಿದೆ?"

"ಆಸ್ಪತ್ರೇಲಿದ್ದೀನಿ. ದಿನಾ ಬರೋ ಆಸ್ಪತ್ರೇನೇ. ಈಗ ಮೇಲಿನ ಮಹಡಿಗೆ ಬಡ್ತಿ." ನಗಲು ಹೋಗಿ ಕೆಮ್ಮು ಬಂತು. ಟೀಚರ್ ಕಾದರು. "ಫೋನು ನಿಂಗೇ ಇರಲಿ ಅಂದೆ ಮಗಳಿಗೆ. ಕೇಳಲಿಲ್ಲ, ಬ್ಯಾಗಿಗೆ ಹಾಕಿ ಕಳಿಸಿದ್ಲು. ಪಾಠ ಇದೆಯಲ್ಲೇ ಅಂದ್ರೆ, ಪಾಠ ಆಮೇಲೂ ಇರುತ್ತೆ ಅಂದ್ಲು."

"ಮಕ್ಕಳು?"

"ಮಹಡಿ ಮನೆ ಅಜ್ಜಿ ನೋಡ್ಕೊಳ್ತಿದ್ದಾರೆ. ಅವರ ಫೋನಿಂದ ಬೆಳಗ್ಗೆ ಮಾತಾಡ್ತೀವಿ." ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ. "ಹೊದ್ಕೊಂಡಿರೋ ಶೀಟು ನೋಡಿದೆ ಟೀಚರ್. ನಾನೇ ಒಗೆದಿದ್ದು. ಮೂಲೇಲಿ ಕಲೆ ಹೋಗಿಲ್ಲ."

"ಮಾತಾಡ್ಬೇಡಿ ಅಕ್ಕಾ. ಸುಧಾರಿಸ್ಕೊಳಿ. ನಾನು ಇಡ್ತೀನಿ."

"ಇಡ್ಬೇಡಿ. ಇಲ್ಲಿ ಮಾತಾಡೋಕೆ ಯಾರೂ ಇಲ್ಲ, ಎಲ್ಲರ ಮುಖಕ್ಕೂ ಮಾಸ್ಕು." ಮತ್ತೆ ಉಸಿರು. "ಇವತ್ತು ಏನು ಹೇಳ್ಕೊಡೋರಿದ್ರಿ, ನಂಗೆ ಹೇಳಿ. ನಾಳೆ ಅವಳಿಗೆ ಹೇಳ್ತೀನಿ."

ಟೀಚರಿಗೆ ಆ ದಿನದ ಪಾಠ ಏನೆಂಬುದೇ ಮರೆತುಹೋಗಿತ್ತು. "ಇವತ್ತು ಹೊಸದೇನಿಲ್ಲ" ಅಂದರು. "ಹಳೇದೇ ಇನ್ನೊಂದು ಸಲ."

"ಹಾಗಾದ್ರೆ ಆ ಆಟ ಹಚ್ಚಿ. ಮಕ್ಕಳ ಜೊತೆ ಆಡಿದ ಹಾಗಾಗುತ್ತೆ."

ಟೀಚರ್ ಆಟ ಹಚ್ಚಿದರು. ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ ಎದ್ದು ಬಂದು ಸೊಸೆಯ ಹಿಂದೆ ನಿಂತರು. ಆ ಸಂಜೆ ಅವರು ಏನೂ ಸೂಚಿಸಲಿಲ್ಲ.

"ಐವತ್ತು" ಅಂದರು ಅಮ್ಮ.

"ದೊಡ್ಡದು."

"ಎಪ್ಪತ್ತೈದು." ಮಗಳು ಕಲಿಸಿದ ಹಾಗೇ ಅರ್ಧ ಮಾಡಿಕೊಂಡು ಹೋಗುತ್ತಿದ್ದರು.

"ಚಿಕ್ಕದು."

ದೂರದಲ್ಲಿ ಯಾವುದೋ ಯಂತ್ರ ಕೂಗುತ್ತಿತ್ತು. "ಅರವತ್ತು" ಅಂದರು.

"ದೊಡ್ಡದು ಅಕ್ಕಾ. ಹತ್ತಿರ ಬಂದಿರಿ."

ನರ್ಸು ಬಂದಿರಬೇಕು. ಫೋನು ಇಡಿ, ಮಗ್ಗುಲಾಗಿ, ಬೋರಲು ಮಲಗಿ, ಎಂದು ಬೇರೆ ಹೆಂಗಸಿನ ದನಿ ಕೇಳಿಸಿತು. "ಒಂದು ನಿಮಿಷ ಸಿಸ್ಟರ್, ಆಟದ ಮಧ್ಯೆ ಇದ್ದೀನಿ" ಎಂದು ಅಮ್ಮ ಹೇಳಿದ್ದೂ ಕೇಳಿಸಿತು. ಆಮೇಲೆ ಬಟ್ಟೆಯ ಸರಬರ, ಆಮೇಲೆ ಏನೂ ಇಲ್ಲ.

ಪರದೆಯ ಮೇಲೆ ಪ್ರೋಗ್ರಾಂ ಮುಂದಿನ ಸಂಖ್ಯೆ ಕೇಳಿಕೊಂಡು ನಿಂತಿತ್ತು. ಟೀಚರ್ ಅದನ್ನು ಮುಚ್ಚಲಿಲ್ಲ. ಮಾರನೆಯ ದಿನ ಅದನ್ನು ಪರದೆಯ ಒಂದು ಪಕ್ಕಕ್ಕೆ ಸರಿಸಿಟ್ಟುಕೊಂಡೇ ಮಿಕ್ಕ ಕೆಲಸವನ್ನೆಲ್ಲ ಮಾಡಿದರು. ಏಳೂವರೆಗೆ ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಅದರ ಮಾರನೆಯ ದಿನ ರಿಂಗೂ ಆಗಲಿಲ್ಲ.

ಅದೇ ವಾರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಿಣಿ.

"ಟೀಚರ್, ಇವತ್ತು ಪಾಠ ಬೇಡ ಅಂತ ಹೇಳೋಕೆ ಮಾಡಿದೆ" ಅಂದಳು. ಪ್ರೋಗ್ರಾಂ ಓದುವಾಗ ಇರುತ್ತಿದ್ದ ಅದೇ ಸಮ ದನಿ. "ನಿನ್ನೆ ಬೆಳಗ್ಗೆ ಅಮ್ಮ ಹೋದ್ರು. ನೀವು ಕಾಯ್ತಾ ಇರ್ತೀರಲ್ಲ, ಅದಕ್ಕೆ."

ಟೀಚರ್ ಏನೋ ಹೇಳಿದರು. ಏನು ಹೇಳಿದರೆಂದು ಅವರಿಗೆ ಆಮೇಲೂ ನೆನಪಾಗಲಿಲ್ಲ. ಫೋನಿಟ್ಟು ಕೂತಲ್ಲೇ ಕೂತಿದ್ದ ಸೊಸೆಯ ತಲೆಯನ್ನು ಅತ್ತೆ ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ಆ ಮನೆಯಲ್ಲಿ ಅವರಿಬ್ಬರ ನಡುವೆ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ಅಪ್ಪ ಮೊದಲೇ ಇಲ್ಲದ ಆ ಮಕ್ಕಳಿಗಾಗಿ ಬೇರೆ ಊರಿನಿಂದ ಚಿಕ್ಕಮ್ಮ ಬಂದರು. ಆಕೆಯದೂ ಚಿಕ್ಕ ಮನೆ, ಆದರೂ ಅಕ್ಕನ ಮಕ್ಕಳನ್ನು ಬಿಟ್ಟುಕೊಡಲಿಲ್ಲ. ಓಡಾಟಕ್ಕೆ ಅನುಮತಿ ಸಿಗುವವರೆಗೆ ಇಲ್ಲೇ ಇದ್ದು, ಆಮೇಲೆ ಇಬ್ಬರನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಗಿಣಿ ಮತ್ತೆ ಪಾಠ ಕೇಳಲಿಲ್ಲ. ಟೀಚರೂ ಒತ್ತಾಯ ಮಾಡಲಿಲ್ಲ. ದಿನ ಬಿಟ್ಟು ದಿನ ಅಜ್ಜಿಯ ಫೋನಿಗೆ ಕರೆ ಮಾಡಿ, ಊಟ ಆಯ್ತಾ, ತಂಗಿ ಮಲಗಿದಳಾ ಎಂದು ಕೇಳುತ್ತಿದ್ದರು. ಆಯ್ತು, ಮಲಗಿದಳು ಎಂದು ಉತ್ತರ ಬರುತ್ತಿತ್ತು.

ಆಗಲೇ ಪರೀಕ್ಷೆ ರದ್ದಾಗಿ ಹೊಸ ನಿಯಮ ಬಂತು. ವಿಡಿಯೋ ಕ್ಲಾಸಿನ ಹಾಜರಿ, ಮಕ್ಕಳು ತಮ್ಮ ತಮ್ಮ ಲಾಗಿನ್ನಿನಿಂದ ಕಳಿಸಿದ ಪ್ರಾಜೆಕ್ಟು, ಇವೆರಡನ್ನೂ ನೋಡಿ ಅಂಕ. ಎಲ್ಲವೂ ಪರೀಕ್ಷಾ ಬೋರ್ಡಿನ ಪೋರ್ಟಲ್ಲಿನಲ್ಲೇ. ಕಂಪ್ಯೂಟರ್ ಬಲ್ಲವರು ಎಂದು ಇಡೀ ಶಾಲೆಯ ಅಂಕ ತುಂಬುವ ಕೆಲಸ ಟೀಚರ ತಲೆಗೇ ಬಂತು. ಗಿಣಿಯ ಸಾಲಿಗೆ ಬಂದಾಗ ಅವರು ಕೈ ತಡೆದರು. ಹಾಜರಿ ಸೊನ್ನೆ. ಪ್ರಾಜೆಕ್ಟು ಇಲ್ಲ. ಅವಳು ಬರೆದ ಪ್ರೋಗ್ರಾಮುಗಳೆಲ್ಲ ಇದ್ದದ್ದು ಟೀಚರ ಕಂಪ್ಯೂಟರಿನಲ್ಲಿ. ಒಂದೊಂದಕ್ಕೂ ಅವಳ ಹೆಸರಿಟ್ಟು ತಮ್ಮ ಲಾಗಿನ್ನಿನಿಂದ ಏರಿಸಿದರು. ಪೋರ್ಟಲ್ ವಾಪಸ್ಸು ಕಳಿಸಿತು. ವಿವರಣೆ ಬರೆದು ಮತ್ತೆ ಏರಿಸಿದರು. ಈ ಸಲ ಬೋರ್ಡಿನ ಕಚೇರಿಯಿಂದಲೇ ಉತ್ತರ ಬಂತು. ಶಿಕ್ಷಕರ ಕಂಪ್ಯೂಟರಿನಲ್ಲಿ ಶಿಕ್ಷಕರೇ ಟೈಪ್ ಮಾಡಿದ್ದು ವಿದ್ಯಾರ್ಥಿಯ ಕೆಲಸವಾಗುವುದಿಲ್ಲ.

ಟೀಚರ್ ದೊಡ್ಡ ಮೇಡಂ ಮನೆಗೇ ಹೋದರು. ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಗೇಟಿನ ಆಚೆ ಈಚೆ ನಿಂತು ಮಾತಾಡಿದರು.

"ಅವಳು ಬರೆದಿದ್ದೇ ಅಂತ ನನಗೆ ಗೊತ್ತು ಮೇಡಂ. ಒಂದೊಂದು ಚುಕ್ಕಿಯನ್ನೂ ಅವಳೇ ಹೇಳಿದ್ದು."

"ನಿಮ್ಮ ಮಾತಿನ ಮೇಲೆ ನಂಗೆ ಅನುಮಾನ ಇಲ್ಲಮ್ಮ."

"ಹಾಗಾದ್ರೆ ನೀವೊಂದು ಮಾತು ಬರೆದ್ರೆ..."

"ಬರೀತೀನಿ. ಗಣಿತದ ಮೇಷ್ಟ್ರಿಗೂ ಬರೆದುಕೊಟ್ಟೆ, ಕಲೆ ಟೀಚರಿಗೂ ಬರೆದುಕೊಟ್ಟೆ. ಒಂದಕ್ಕೂ ಉತ್ತರ ಇಲ್ಲ." ಮೇಡಂ ಮಾಸ್ಕು ಸರಿಮಾಡಿಕೊಂಡರು. ಅವರ ಅಣ್ಣ ತೀರಿಕೊಂಡು ತಿಂಗಳೂ ಕಳೆದಿರಲಿಲ್ಲ. "ನಾನು ಬರೀತಾ ಇದ್ದೀನಿ. ಆ ಕಡೆ ಓದೋರು ಇದ್ದಾರೋ ಇಲ್ಲವೋ ಗೊತ್ತಿಲ್ಲ."

ಬರೆದರು. ಉತ್ತರ ಬರುವ ಮೊದಲೇ ಪೋರ್ಟಲ್ ಮುಚ್ಚಿತು. ಉಳಿದೆಲ್ಲ ವಿಷಯಗಳಲ್ಲಿ ಗಿಣಿಯನ್ನು ಹಳೆಯ ಅಂಕ ನೋಡಿ ಪಾಸು ಮಾಡಿದ್ದರು. ಕಂಪ್ಯೂಟರಿನ ಮುಂದೆ "ಗೈರುಹಾಜರಿ" ಎಂದಿತ್ತು. ಆ ಒಂದು ಪದ ಇದ್ದರೆ ಮುಂದೆ ಯಾವ ಶಾಲೆಯಲ್ಲೂ ಆ ವಿಷಯ ತೆಗೆದುಕೊಳ್ಳುವಂತಿರಲಿಲ್ಲ.

ಶಾಲೆ ತೆರೆದ ವಾರ ಗಿಣಿ ಚಿಕ್ಕಮ್ಮನ ಜೊತೆ ವರ್ಗಾವಣೆ ಪತ್ರಕ್ಕೆ ಬಂದಳು. ಒಂದು ಗೇಣು ಉದ್ದವಾಗಿದ್ದಳು. ಜಡೆ ಹೋಗಿ ಕೂದಲು ಗಿಡ್ಡವಾಗಿತ್ತು, ತನ್ನದನ್ನೂ ತಂಗಿಯದನ್ನೂ ಬಾಚಲು ಹೊತ್ತು ಸಾಲದೆಂದು ತಾನೇ ಕತ್ತರಿಸಿಕೊಂಡಿದ್ದಳಂತೆ. ಚಿಕ್ಕಮ್ಮ ಆಫೀಸಿನ ಮುಂದೆ ಸಾಲಿನಲ್ಲಿ ನಿಂತರು. ಟೀಚರ್ ಅವಳನ್ನು ಮೇಲಕ್ಕೆ ಕರೆದೊಯ್ದರು.

ಕಂಪ್ಯೂಟರ್ ರೂಮಿನಲ್ಲಿ ಇನ್ನೂ ಔಷಧಿಯ ವಾಸನೆ. ಮೆಟ್ಟಿಲ ಕೆಳಗಿನಿಂದ ವಾಪಸ್ಸು ತಂದ ಮಶೀನುಗಳಲ್ಲಿ ಹೆಚ್ಚಿನವು ತೇವ ಹಿಡಿದು ಸತ್ತಿದ್ದವು. ಕೆಲವುಗಳ ವೈರುಗಳನ್ನು ಇಲಿ ತಿಂದಿತ್ತು. ಒಂದೇ ಒಂದು ಮಾತ್ರ, ಗರಗರ ಸದ್ದು ಮಾಡಿಕೊಂಡು, ಓಡುತ್ತಿತ್ತು. ಟೀಚರ್ ಕುರ್ಚಿ ಎಳೆದು, "ಕೂತ್ಕೋ" ಅಂದರು.

ಗಿಣಿ ಕೂತಳು. ಮೌಸೂ ಅವಳದೇ, ಕೀಬೋರ್ಡೂ ಅವಳದೇ. ಏನು ಬರೆಯಲಿ ಎಂದು ಕೇಳಲಿಲ್ಲ, ಆ ಆಟವನ್ನೇ ಬರೆಯತೊಡಗಿದಳು. ತಲೆಯಲ್ಲಿ ಎಲ್ಲ ಇತ್ತು, ಬೆರಳಿಗೆ ಮಾತ್ರ ಅಕ್ಷರ ಸಿಗುತ್ತಿರಲಿಲ್ಲ. ಒಂದು ಅಕ್ಷರಕ್ಕೆ ಇಡೀ ಕೀಬೋರ್ಡು ಹುಡುಕುತ್ತಿದ್ದಳು. ಸಿಕ್ಕಾಗ ಒತ್ತಿ, ಪರದೆ ನೋಡಿ, ಮತ್ತೆ ಹುಡುಕುತ್ತಿದ್ದಳು. ಬಾಯಿ ಮಾತ್ರ ಮೊದಲಿನ ಹಾಗೇ ಓದುತ್ತಿತ್ತು, ಇನ್ನೂ ಮೆಲ್ಲಗೆ. ಟೀಚರಿಗೆ ನೋಡಲಾಗಲಿಲ್ಲ. ಅವಳು ಹೇಳಿದ್ದನ್ನು ಟೈಪ್ ಮಾಡಲು ಅವರ ಬೆರಳು ತಾವಾಗಿಯೇ ಮಿಡುಕುತ್ತಿದ್ದವು. ಕೈ ಹಿಂದೆ ಕಟ್ಟಿಕೊಂಡರು.

ಅರ್ಧಕ್ಕೆ ಬಂದಾಗ ಗಿಣಿ ತಲೆ ಎತ್ತದೆ ಕೇಳಿದಳು. "ಅಮ್ಮ ನಿಮ್ಮ ಹತ್ರ ಮಾತಾಡಿದ್ರಂತೆ, ಅಲ್ಲಿಂದ. ಮಾರನೇ ಬೆಳಗ್ಗೆ ನಂಗೆ ಹೇಳಿದ್ರು. ಜಾಸ್ತಿ ಹೇಳೋಕಾಗಲಿಲ್ಲ. ಆಟ ಆಡಿದೆ ಅಂದ್ರು."

"ಹೂಂ. ಆಡಿದ್ರು."

"ಸಿಕ್ತಾ ನಂಬರು?"

ಸಿಕ್ಕಿತು ಎಂದು ಹೇಳಿಬಿಡೋಣ ಅನ್ನಿಸಿತು ಟೀಚರಿಗೆ. ಆದರೆ ಈ ಹುಡುಗಿಗೆ ಅವರು ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

"ಇಲ್ಲ. ಅರವತ್ತಕ್ಕಿಂತ ದೊಡ್ಡದು, ಎಪ್ಪತ್ತೈದಕ್ಕಿಂತ ಚಿಕ್ಕದು, ಅಲ್ಲಿವರೆಗೆ ಬಂದಿದ್ರು. ಸಿಸ್ಟರ್ ಬಂದು ಫೋನು ಇಡಿಸಿದ್ರು."

ಗಿಣಿ ಪರದೆ ನೋಡುತ್ತಾ ಲೆಕ್ಕ ಹಾಕಿದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು. "ಹೆಚ್ಚಂದ್ರೆ ಇನ್ನು ನಾಲ್ಕು ಸಲ" ಅಂದಳು. "ಇನ್ನು ನಾಲ್ಕು ಸಲ ಕೇಳಿದ್ರೆ ಸಿಕ್ಕೇ ಸಿಗ್ತಿತ್ತು."

ಆಮೇಲೆ ಅವಳ ಬೆರಳು ಅಕ್ಷರ ಹುಡುಕಲಿಲ್ಲ. ಕೈಯೆರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು. ಅಮ್ಮ ಹೋದ ಸುದ್ದಿ ಹೇಳುವಾಗಲೂ ಅಲುಗದಿದ್ದ ಹುಡುಗಿ ಅಲ್ಲಿ, ಆ ಅರ್ಧ ಬರೆದ ಪ್ರೋಗ್ರಾಮಿನ ಮುಂದೆ, ಬಾಗಿ ಅತ್ತಳು. ಟೀಚರ್ ಪಕ್ಕದಲ್ಲಿ ನೆಲಕ್ಕೇ ಕೂತು ಅವಳ ಮೊಣಕಾಲು ಹಿಡಿದುಕೊಂಡರು. ದೂರ ಇರಬೇಕು, ಮುಟ್ಟಬಾರದು ಎಂಬ ಚೀಟಿ ಗೋಡೆಯ ಮೇಲೆ ಇನ್ನೂ ಅಂಟಿಕೊಂಡೇ ಇತ್ತು.

ಕೆಳಗಿನಿಂದ ಚಿಕ್ಕಮ್ಮ ಕೂಗಿದರು. ಗಿಣಿ ಮುಖ ಒರೆಸಿಕೊಂಡು ಎದ್ದಳು.

"ಆ ಗೈರುಹಾಜರಿ ತೆಗೆಸೋಕೆ ನಾನು ಬೋರ್ಡಿಗೆ ಇನ್ನೂ ಬರೀತಾ ಇದ್ದೀನಿ" ಅಂದರು ಟೀಚರ್. "ಬಿಡೋದಿಲ್ಲ."

"ಬಿಡಿ ಟೀಚರ್. ಅಲ್ಲಿ ಶಾಲೇಲಿ ಕಂಪ್ಯೂಟರ್ ಇಲ್ವಂತೆ. ಹೊಲಿಗೆ ಇದೆಯಂತೆ." ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. "ನೀವು ನಿಜ ಹೇಳಿದ್ದು ಒಳ್ಳೇದಾಯ್ತು. ಅಮ್ಮ ನಂಗೆ, ನಂಬರು ಸಿಕ್ತು, ಆಟ ಮುಗೀತು ಅಂತ ಹೇಳಿದ್ರು."

ಆ ವರ್ಷ ಕಂಪ್ಯೂಟರ್ ವಿಷಯಕ್ಕೆ ಹೆಸರು ಕೊಟ್ಟ ಮಕ್ಕಳು ಬೆರಳೆಣಿಕೆಯಷ್ಟು. ಎರಡು ವರ್ಷ ಕೈಯಲ್ಲಿ ಏನೂ ಮಾಡದೆ ಪಾಸಾದವರಿಗೆ ಅದು ಅರ್ಥವಾಗದ ವಿಷಯವಾಗಿ ಹೋಗಿತ್ತು, ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಇಷ್ಟು ಕಡಿಮೆ ಮಕ್ಕಳಿಗಾಗಿ ಹೊಸ ಮಶೀನು ತರಿಸಲಾಗದು ಎಂದು ವಿಷಯವನ್ನೇ ನಿಲ್ಲಿಸಿದರು. ಟೀಚರಿಗೆ ಎಂಟನೇ ಕ್ಲಾಸಿನ ಗಣಿತ ಕೊಟ್ಟರು. ಮೇಲಿನ ಮಹಡಿಯ ರೂಮಿನಲ್ಲಿ ಮುರಿದ ಬೆಂಚುಗಳನ್ನು ತುಂಬಿದರು. ಬೋರ್ಡಿನಿಂದ ಉತ್ತರ ಕೊನೆಗೂ ಬಂತು, ಪ್ರಕರಣ ಮುಕ್ತಾಯವಾಗಿದೆ ಎಂದು. ಯಾವ ಪ್ರಕರಣ ಎಂದು ಅದರಲ್ಲಿ ಇರಲಿಲ್ಲ.

ಗಿಣಿ ಆಗೊಮ್ಮೆ ಈಗೊಮ್ಮೆ ಚಿಕ್ಕಮ್ಮನ ಫೋನಿನಿಂದ ಕರೆ ಮಾಡುತ್ತಾಳೆ. ಹೊಲಿಗೆಯಲ್ಲಿ ಕೈ ಕುದುರಿದೆ, ತಂಗಿಯ ಫ್ರಾಕು ತಾನೇ ಹೊಲಿದಳಂತೆ. ಒಂದು ಸಲ ಟೀಚರ್ ಧೈರ್ಯ ಮಾಡಿ ಕೇಳಿದರು, "ಹಾಳೆ ಮೇಲಾದ್ರೂ ಬರೀತೀಯಾ ಒಮ್ಮೊಮ್ಮೆ?"

"ಇಲ್ಲ ಟೀಚರ್" ಅಂದಳು. "ಕೂತ್ರೆ ಒಂದು ಸಾಲು ಬರುತ್ತೆ. ಆಮೇಲೆ ಏಳೂವರೆ ಆದ ಹಾಗೆ ಅನ್ಸುತ್ತೆ. ಅಮ್ಮ ಸ್ನಾನ ಮುಗಿಸಿ ಈಗ ಬಂದ್ರೇನೋ ಅಂತ ಕಿವಿ ಅಲ್ಲಿಗೇ ಹೋಗುತ್ತೆ."

ಟೀಚರ್ ಹೂಂ ಅಂದರು. ಅಷ್ಟರಲ್ಲಿ ತಂಗಿ ಫೋನು ಕಿತ್ತುಕೊಂಡಳು. ಮುಂದಿನ ಹಲ್ಲು ಬಿದ್ದಿದೆ, ಅದಕ್ಕೇ ಮಾತು ಹೀಗೆ ಬರುತ್ತಿದೆ, ಶಾಲೆಯಲ್ಲಿ ತನ್ನ ಪಕ್ಕ ಕೂರುವವಳದು ಇನ್ನೂ ಬಿದ್ದಿಲ್ಲ ಎಂದು ಉದ್ದಕ್ಕೆ ಹೇಳತೊಡಗಿದಳು. ಟೀಚರ್ ಎಂಟನೇ ಕ್ಲಾಸಿನ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ, ಎಲ್ಲವನ್ನೂ ಕೇಳಿಸಿಕೊಂಡರು.